ಕಣಜವನ್ನು ತ್ಯಾಗಮೂರ್ತಿ ಮಾಡಬೇಡಿ

ನಮಸ್ಕಾರ,

ಅತ್ತಿ, ಆಲ, ಅಂಜೂರದ ಮರಗಳಿಗೂ ಅವುಗಳ ಪುಟ್ಟ ಕಣಜಗಳಿಗೂ ಇರುವ ನಂಟಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇಂಥ ವಿಷಯವನ್ನು ಕೈಗೆತ್ತಿಕೊಂಡವರಿಗೆ ಎರಡು ಸಾಲಿನ ಉತ್ತರ ಬರೆದು ಸುಮ್ಮನಾಗಲು ಮನಸ್ಸು ಬರಲಿಲ್ಲ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಕಣಜ ಕಾಯಿಯೊಳಗೆ ನುಗ್ಗುವ ಭಾಗ ನಿಜಕ್ಕೂ ಜೀವಂತವಾಗಿದೆ. 'ಬಾಗಿಲು ಕಿರಿದು. ರೆಕ್ಕೆ ಹೊರಗೇ ಉಳಿಯಿತು' ಎಂದು ಬರೆದಿದ್ದೀರಿ. ಅಲ್ಲಿ ವಿಶೇಷಣಗಳಿಲ್ಲ, ನಡೆದದ್ದು ಮಾತ್ರ ಇದೆ. ನಾವು ಕಾಯಿ ಎನ್ನುವುದು ಹೂಗಳನ್ನು ಒಳಮುಖವಾಗಿ ಇಟ್ಟುಕೊಂಡ ಗೊಂಚಲು ಎಂಬುದನ್ನೂ ಮೂರೇ ವಾಕ್ಯದಲ್ಲಿ ತಿಳಿಸಿದ್ದೀರಿ. ಅದನ್ನು ಮುಟ್ಟಬೇಡಿ.

ಅದಕ್ಕೂ ಮುಂಚೆ ಇರುವ ಒಂದೂವರೆ ಪುಟವನ್ನು ತೆಗೆದುಬಿಡಿ. ಪ್ರಕೃತಿಯ ವಿಸ್ಮಯ, ಅನಾದಿ ಸ್ನೇಹ, 'ಮರಕ್ಕಾಗಿ ಪ್ರಾಣ ಕೊಡುವ ತಾಯಿ' ಇವೆಲ್ಲ ಓದುಗರನ್ನು ಕಾಯಿಯಿಂದ ದೂರ ಇಡುತ್ತವೆ. ಅಷ್ಟೇ ಅಲ್ಲ, ಅವು ನಿಜವೂ ಅಲ್ಲ. ಕಣಜ ಮರಕ್ಕಾಗಿ ಸಾಯುವುದಿಲ್ಲ. ತನ್ನ ಮೊಟ್ಟೆಗಳಿಗೆ ಜಾಗ ಹುಡುಕಿಕೊಂಡು ಬಂದು, ಕಾಯಿಯೊಳಗೇ ಸಾಯುತ್ತದೆ. ಒಂದೆರಡು ಮಿಲಿಮೀಟರ್ ಉದ್ದದ ಈ ಜೀವಿ ಹಾರಾಡುವುದೇ ಒಂದೆರಡು ದಿನ. ಮರಕ್ಕೆ ಬೇಕಾದದ್ದು ಅದು ಹೊತ್ತು ತರುವ ಪರಾಗ. ಮೊಟ್ಟೆ ಇಟ್ಟ ಪ್ರತಿ ಹೂವೂ ಮರದ ಪಾಲಿಗೆ ಕಳೆದುಹೋದ ಬೀಜ. ಇಬ್ಬರ ಲೆಕ್ಕವೂ ಬೇರೆ. ಆದರೂ ಈ ವ್ಯವಹಾರ ಕೋಟ್ಯಂತರ ವರ್ಷಗಳಿಂದ ನಡೆದುಬಂದಿದೆ. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಸಿಕ್ಕ 3.4 ಕೋಟಿ ವರ್ಷ ಹಳೆಯ ಕಣಜದ ಪಳೆಯುಳಿಕೆ ಇಂದಿನ ಕಣಜದ ಹಾಗೇ ಇದೆ.

ಹಾಗಿದ್ದರೆ ಓದುಗರಿಗೆ ಏಳುವ ಪ್ರಶ್ನೆ ಯಾವುದು ಹೇಳಿ. ಕಣಜ ಎಲ್ಲ ಹೂಗಳಲ್ಲೂ ಮೊಟ್ಟೆ ಇಟ್ಟು ಮರವನ್ನು ಯಾಕೆ ಮುಗಿಸಿಬಿಡುವುದಿಲ್ಲ? ನಿಮ್ಮ ಲೇಖನದಲ್ಲಿ ಈ ಪ್ರಶ್ನೆಯೇ ಇಲ್ಲ. ನನ್ನ ಪ್ರಕಾರ ಇಡೀ ಲೇಖನ ನಿಲ್ಲಬೇಕಾದದ್ದು ಇದರ ಮೇಲೆ.

ಉತ್ತರ ಒಂದೇ ಅಲ್ಲ, ಅದಕ್ಕೇ ಇದು ಬರೆಯಲು ಸೊಗಸಾದ ವಿಷಯ. ಹೂಗಳ ಅಂಡಾಶಯಗಳು ಬೇರೆಬೇರೆ ಆಳದಲ್ಲಿರುತ್ತವೆ. ಒಳಗಡೆ ಹತ್ತಿರ ಸಿಗುವ ಹೂಗಳಲ್ಲಿ ಮೊಟ್ಟೆ ಇಡುವುದು ಸುಲಭ. ಹೊರಗೋಡೆಯ ಪಕ್ಕದವು ಹೆಚ್ಚಾಗಿ ಬೀಜಕ್ಕೆ ಉಳಿಯುತ್ತವೆ. ಇನ್ನು ಪರಾವಲಂಬಿ ಕಣಜಗಳಿವೆ. ಅವುಗಳಲ್ಲಿ ಹೆಚ್ಚಿನವು ಕಾಯಿಯೊಳಗೆ ಹೋಗುವುದೇ ಇಲ್ಲ. ಹೊರಗೆ ಕೂತು, ಉದ್ದನೆಯ ಸೂಜಿಯಂಥ ಅಂಗವನ್ನು ಗೋಡೆಯಲ್ಲಿ ತೂರಿಸಿ ಮೊಟ್ಟೆ ಇಡುತ್ತವೆ. ಕೆಲವು ಜಾತಿಯ ಮರಗಳಲ್ಲಿ ಹೊರಗೋಡೆಯ ಹತ್ತಿರ ಬೆಳೆಯುವ ಮರಿಗಳಿಗೆ ಇವುಗಳ ಕಾಟ ಜಾಸ್ತಿ ಎಂದು ಕಂಡುಬಂದಿದೆ. ಅಲ್ಲಿ ಮೊಟ್ಟೆ ಇಡುವುದು ಕಣಜಕ್ಕೆ ನಷ್ಟ. ಅಂದರೆ ಈ ಕಳ್ಳರು ಗೊತ್ತಿಲ್ಲದೆಯೇ ಮರದ ಬೀಜ ಕಾಯುತ್ತಾರೆ!

ಮರವೂ ಕೈಕಟ್ಟಿ ಕೂರುವುದಿಲ್ಲ. ಕೆಲವು ಜಾತಿಗಳಲ್ಲಿ ಕಣಜ ತನ್ನ ಎದೆಭಾಗದ ಚೀಲದಲ್ಲಿ ಪರಾಗ ತುಂಬಿಕೊಂಡು ಬಂದು, ತಾನೇ ಹೂಗಳಿಗೆ ಹಾಕುತ್ತದೆ. ಪನಾಮಾದಲ್ಲಿ ಸಂಶೋಧಕರು ಪರಾಗವೇ ಇಲ್ಲದ ಕಣಜಗಳನ್ನು ಕಾಯಿಗಳೊಳಗೆ ಬಿಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಇಂಥ ಜಾತಿಗಳಲ್ಲಿ ಮರ ಆ ಕಾಯಿಗಳನ್ನು ಉದುರಿಸಿತು, ಇಲ್ಲವೇ ಅವುಗಳಲ್ಲಿ ಕಡಿಮೆ ಮರಿಗಳು ಬದುಕಿದವು. ಪರಾಗ ತಾನಾಗಿಯೇ ಮೈಗೆ ಅಂಟಿಕೊಂಡು ಬರುವ ಜಾತಿಗಳಲ್ಲಿ ಈ ಶಿಕ್ಷೆ ಕಾಣಲಿಲ್ಲ. ನೀವು ಸ್ನೇಹ ಎಂದು ಬರೆದ ಕಡೆ ಇದನ್ನು ಇಟ್ಟು ನೋಡಿ. ಲೇಖನದ ಬೆನ್ನು ನೆಟ್ಟಗಾಗುತ್ತದೆ.

ಗಂಡು ಕಣಜಗಳನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಇದು ನನಗೆ ಎಲ್ಲಕ್ಕಿಂತ ಬೇಸರ ತಂದ ಸಂಗತಿ. ಕಾಯಿಯೊಳಗೆ, ಮೊಟ್ಟೆ ಇಟ್ಟ ಹೂ ಊದಿ ಆದ ಗಂಟಿನಿಂದ ಮೊದಲು ಹೊರಬರುವವರು ಅವರೇ. ರೆಕ್ಕೆಯಿಲ್ಲ, ಕಣ್ಣೂ ಅಷ್ಟಕ್ಕಷ್ಟೇ. ಹೆಣ್ಣು ಇನ್ನೂ ತನ್ನ ಗಂಟಿನೊಳಗೆ ಇರುವಾಗಲೇ ಅದನ್ನು ಕೊರೆದು ಕೂಡುತ್ತವೆ. ಆಮೇಲೆ ಕಾಯಿಯ ಗೋಡೆ ಕಡಿದು ಸುರಂಗ ತೋಡುತ್ತವೆ. ಸುರಂಗ ಮುಗಿಯಿತು, ಅವುಗಳ ಬದುಕೂ ಮುಗಿಯಿತು. ಹೆಣ್ಣುಗಳು ಅಷ್ಟರಲ್ಲಿ ಅರಳಿದ ಗಂಡು ಹೂಗಳ ಪರಾಗ ಹೊತ್ತು ಆ ದಾರಿಯಲ್ಲೇ ಹಾರಿಹೋಗುತ್ತವೆ. ಈ ಭಾಗಕ್ಕೆ ಕನಿಷ್ಠ ಒಂದು ಪುಟ ಕೊಡಿ.

ಇನ್ನು ತಪ್ಪುಗಳು. 'ನಾವು ತಿನ್ನುವ ಪ್ರತಿ ಅಂಜೂರದಲ್ಲೂ ಸತ್ತ ಕಣಜ ಇರುತ್ತದೆ' ಎಂದಿದ್ದೀರಿ. ಇಲ್ಲ. ಬೆಳೆಸುವ ಅಂಜೂರದ ಎಷ್ಟೋ ತಳಿಗಳು ಪರಾಗಸ್ಪರ್ಶವೇ ಇಲ್ಲದೆ ಹಣ್ಣಾಗುತ್ತವೆ. ಆದರೆ ಸ್ಮಿರ್ನಾ ಎಂಬ ತಳಿಗೆ ಕಣಜ ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದರ ಕಾಯಿಗಳು ವರ್ಷಗಟ್ಟಲೆ ಉದುರಿಹೋಗುತ್ತಿದ್ದವು. 1899ರಲ್ಲಿ ಕಣಜವನ್ನು ತಂದು ನೆಲೆಗೊಳಿಸಿದ ಮೇಲೆ ಕಾಯಿ ಮರದಲ್ಲಿ ನಿಂತು ಹಣ್ಣಾಯಿತು. 'ಒಂದು ಜಾತಿ ಮರಕ್ಕೆ ಒಂದೇ ಜಾತಿ ಕಣಜ' ಎಂಬುದೂ ಪೂರ್ತಿ ಸರಿಯಲ್ಲ. ಒಂದಕ್ಕಿಂತ ಹೆಚ್ಚು ಕಣಜ ಜಾತಿಗಳಿರುವ ಮರಗಳು ಸಾಕಷ್ಟಿವೆ.

'ಇಬ್ಬರಿಗೂ ಸದಾ ಲಾಭ' ಎಂಬ ಸಾಲನ್ನೂ ಅಂಜೂರವೇ ಸುಳ್ಳು ಮಾಡುತ್ತದೆ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಹೆಣ್ಣು ಮರದ ಕಾಯಿಗೆ ಹೊಕ್ಕ ಕಣಜಕ್ಕೆ ಮೊಟ್ಟೆ ಇಡಲು ಆಗುವುದೇ ಇಲ್ಲ, ಹೂವಿನ ಆಳ ಅದರ ಅಳತೆಗೆ ಸಿಗುವುದಿಲ್ಲ. ಪರಾಗ ಕೊಟ್ಟು, ಸಂತಾನವಿಲ್ಲದೆ ಸಾಯುತ್ತದೆ. ಬೀಜ ಪೂರ್ತಿ ಮರದ್ದು. ಇಷ್ಟು ಕಟುವಾದ ಸತ್ಯ ಕೈಯಲ್ಲಿರುವಾಗ ಅದನ್ನು ಸಿಹಿ ಮಾಡಲು ಹೋಗಬೇಡಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಪರಸ್ಪರಾವಲಂಬಿ ಸಹಜೀವನ' ಒಂದು ಸಲ ಬಂದರೆ ಸಾಕು, ಪ್ಯಾರಾಕ್ಕೊಂದು ಬೇಡ.

ಕೊನೆಯಲ್ಲಿ ಮನುಷ್ಯರು ಕಣಜದಿಂದ ಕಲಿಯಬೇಕಾದ ಪಾಠ ಬರೆದಿದ್ದೀರಲ್ಲ, ಅದರ ಬದಲು ಬೋರ್ನಿಯೊ ದ್ವೀಪಕ್ಕೆ ಹೋಗಿ. 1998ರ ಬರದಲ್ಲಿ ಅಲ್ಲಿನ ಲಂಬೀರ್ ಕಾಡಿನಲ್ಲಿ ಹೊಸ ಕಾಯಿ ಬಿಡುವುದು ನಿಂತು, ಗಂಡು ಹೆಣ್ಣು ಬೇರೆಯಿರುವ ಜಾತಿಗಳ ಕಣಜಗಳು ಅಲ್ಲಿಂದ ಕಾಣೆಯಾದವು. ಒಂದೆರಡು ದಿನದ ಆಯಸ್ಸಿನ ಜೀವಿಗೆ ಕಾಯಿಯಿಲ್ಲದ ಕೆಲವು ವಾರ ಎಂದರೆ ಏನು ಎಂಬುದು ಅಲ್ಲಿ ಕಾಣುತ್ತದೆ.

ತಿದ್ದಿದ ಪ್ರತಿಯನ್ನು ಖಂಡಿತ ಕಳಿಸಿ. ಪೂರ್ತಿ ಬರೆಯಲು ಸಮಯ ಹಿಡಿದರೆ ಗಂಡು ಕಣಜಗಳ ಭಾಗವನ್ನು ಮೊದಲು ಕಳಿಸಿ. ಅದನ್ನು ಓದಿ ಮತ್ತೆ ಬರೆಯುತ್ತೇನೆ.

ವಿಶ್ವಾಸದಿಂದ,
ಸಂಪಾದಕ