ಓದುಗರ ಪ್ರಶ್ನೆ: ರಾಗಿಯ ಇಂಗಾಲ, ಕಲ್ಲಿದ್ದಲಿನ ಇಂಗಾಲ

ಪ್ರಶ್ನೆ: ಮನುಷ್ಯ ಹುಟ್ಟುವ ಮೊದಲೇ ಹಿಮಯುಗಗಳು ಬಂದು ಹೋಗಿವೆ. ಕಾಡು, ಮಣ್ಣು, ಕಡಲುಗಳು ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಮುಂದೆ ನಾವು ಬಿಡುವುದು ಸುಮಾರು 20ರಲ್ಲಿ ಒಂದು ಪಾಲು ಮಾತ್ರವೆಂದು ಓದಿದ್ದೇನೆ. ಹಾಗಿರುವಾಗ ತಾಪಮಾನ ಏರಿಕೆಗೆ ಮನುಷ್ಯನನ್ನು ಹೊಣೆ ಮಾಡುವುದು ನ್ಯಾಯವೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನೀವು ಓದಿದ ಅಂಕಿ ಹೆಚ್ಚುಕಡಿಮೆ ಸರಿಯಾದುದೇ. ಆದರೆ ಅದು ಜಮೆಯ ಪುಟವನ್ನಷ್ಟೇ ತೋರಿಸಿ ಖರ್ಚಿನ ಪುಟವನ್ನು ಮುಚ್ಚಿಟ್ಟ ಲೆಕ್ಕ. ನಿಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ರಾಗಿ ತನ್ನ ಕಾಂಡ, ಗರಿ, ತೆನೆಗಳಿಗೆ ಬೇಕಾದ ಇಂಗಾಲವನ್ನು ಗಾಳಿಯಿಂದಲೇ ಪಡೆಯುತ್ತದೆ. ಕಾಳನ್ನು ನಾವು ಮುದ್ದೆ ಮಾಡಿ ಉಂಡು, ಹುಲ್ಲನ್ನು ದನಗಳು ಮೆಂದು, ಕೂಳೆ ಮಣ್ಣಿನಲ್ಲಿ ಕೊಳೆತು, ಅದರ ಬಹುಪಾಲು ಕೆಲವೇ ವರ್ಷಗಳಲ್ಲಿ ಗಾಳಿಗೆ ಮರಳುತ್ತದೆ. ಕಾಡು, ಕಡಲುಗಳ ವ್ಯವಹಾರವೂ ಹೀಗೆಯೇ: ಬಿಟ್ಟಷ್ಟನ್ನು ಹಿಂದಕ್ಕೂ ಪಡೆಯುತ್ತವೆ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಉರಿಯುವ ಸಿಂಗರೇಣಿಯ ಕಲ್ಲಿದ್ದಲಿನ ಕಥೆ ಬೇರೆ. 25 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಹೂತುಹೋದ ಗಿಡಮರಗಳ ಆ ಇಂಗಾಲ ಈ ಕೊಡುಕೊಳ್ಳುವಿಕೆಯಿಂದ ಎಂದೋ ಹೊರಬಿದ್ದಿತ್ತು. ಅದನ್ನು ಅಗೆದು ಉರಿಸಿದಾಗ ಅಷ್ಟೂ ಹೊಸದಾಗಿ ಸೇರುತ್ತದೆ. ಅದರಲ್ಲಿ ಸುಮಾರು ಅರ್ಧವನ್ನು ಕಡಲು ಮತ್ತು ನೆಲ ಹೀರಿಕೊಳ್ಳುತ್ತವೆ, ಉಳಿದ ಅರ್ಧ ವರ್ಷವರ್ಷವೂ ಗಾಳಿಯಲ್ಲಿ ಕೂಡುತ್ತ ಹೋಗುತ್ತದೆ.

ಇದು ಬರಿಯ ತರ್ಕವಲ್ಲ. ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಆರಂಭಿಸಿದ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನ ಅಳತೆಯ ನಕ್ಷೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಉತ್ತರಾರ್ಧಗೋಳದ ಗಿಡಮರಗಳು ಚಿಗುರಿ ಬೆಳೆಯುವಾಗ ಮಟ್ಟ ಇಳಿಯುತ್ತದೆ, ಚಳಿಗಾಲದಲ್ಲಿ ಏರುತ್ತ ಹೋಗಿ ಮೇ ತಿಂಗಳಲ್ಲಿ ತುದಿ ಮುಟ್ಟುತ್ತದೆ. ಆ ಏರಿಳಿತವೇ ನೀವು ಹೇಳುವ ನೈಸರ್ಗಿಕ ಚಕ್ರ. ಆದರೆ ಪ್ರತಿ ಹಲ್ಲೂ ಹಿಂದಿನದಕ್ಕಿಂತ ಮೇಲೆ ನಿಂತಿದೆ: ಆಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿದ್ದ ಅನಿಲ ಈಗ 420 ದಾಟಿದೆ.

ಹೆಚ್ಚಾದದ್ದು ಕಡಲಿನಿಂದಲೋ ಜ್ವಾಲಾಮುಖಿಗಳಿಂದಲೋ ಬಂದಿರಬಾರದೇಕೆ ಎಂದು ನೀವು ಕೇಳಬಹುದು. ಜ್ವಾಲಾಮುಖಿಗಳ ಪಾಲು ನಮ್ಮದರ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಕಡಲಿನಿಂದ ಬಂದಿದ್ದರೆ ಗಾಳಿಯ ಆಮ್ಲಜನಕ ಈಗಿನಂತೆ ಇಳಿಯಬೇಕಿರಲಿಲ್ಲ. ಅದು ಇಳಿಯುತ್ತಿರುವುದು ಉರಿಯುವಿಕೆಯ ಗುರುತು. ನನಗೆ ಎಲ್ಲಕ್ಕಿಂತ ಚೊಕ್ಕವೆನಿಸುವ ಸಾಕ್ಷ್ಯ ಇಂಗಾಲ-14ರದ್ದು. ಜೀವಂತ ಗಿಡದಲ್ಲಿರುವ ಈ ವಿಕಿರಣಶೀಲ ಇಂಗಾಲ 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ ಕಲ್ಲಿದ್ದಲಿನಲ್ಲಿ ಅದು ಉಳಿದೇ ಇಲ್ಲ. ಅಂಥ ಹೊಗೆ ಬೆರೆತ ಗಾಳಿಯಲ್ಲಿ ಅದರ ಪ್ರಮಾಣ ತೆಳುವಾಗಬೇಕು. ಹಾಗೆ ತೆಳುವಾಗಿರುವುದನ್ನು ವಿಜ್ಞಾನಿ ಹ್ಯಾನ್ಸ್ ಸ್ಯೂಸ್ 1950ರ ದಶಕದಲ್ಲಿಯೇ ಮರದ ಉಂಗುರಗಳಲ್ಲಿ ಕಂಡುಕೊಂಡಿದ್ದರು.

ಹಿಮಯುಗಗಳ ಮಾತು ನಿಜ. ಭೂಮಿಯ ಅಕ್ಷದ ಓರೆ ಸುಮಾರು 41,000 ವರ್ಷಗಳ ಆವರ್ತನೆಯಲ್ಲಿ ಬದಲಾಗುತ್ತದೆ, ಕಕ್ಷೆಯ ಆಕಾರವೂ ಬದಲಾಗುತ್ತದೆ. ಅವುಗಳೊಡನೆ ಹಿಮ ಹಬ್ಬುತ್ತದೆ, ಕರಗುತ್ತದೆ. ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ ಕಳೆದ 8 ಲಕ್ಷ ವರ್ಷಗಳ ಅಂಥ ಆವರ್ತನೆಗಳಲ್ಲಿ ಈ ಅನಿಲ ಸುಮಾರು 180 ಮತ್ತು 300 ಭಾಗಗಳ ನಡುವೆಯೇ ಓಲಾಡಿತ್ತು. ಕೊನೆಯ ಹಿಮಯುಗ ಮುಗಿಯುವಾಗ ಸುಮಾರು 80 ಭಾಗ ಏರಲು ಸಾವಿರಾರು ವರ್ಷ ಬೇಕಾಯಿತು. ನಾವು 100 ಭಾಗ ಏರಿಸಿದ್ದು ಒಂದೇ ಆಯುಷ್ಯದಲ್ಲಿ. ಅಷ್ಟೇ ಅಲ್ಲ, ಕಕ್ಷೆಯ ಚಕ್ರಗಳ ಪಾಡಿಗೆ ಬಿಟ್ಟಿದ್ದರೆ ಭೂಮಿ ಈಗ ಬಹಳ ನಿಧಾನವಾಗಿ ತಣಿಯುತ್ತಿರಬೇಕಿತ್ತು.

ಪ್ರಶ್ನೆ: ದಪ್ಪ ಮೆಣಸಿನಕಾಯಿ ಬೆಳೆಯುವ ನಮ್ಮ ಪಾಲಿಹೌಸ್‌ನಲ್ಲಿ ಸೆಕೆಯಾಗುವುದೂ 'ಹಸಿರುಮನೆ ಪರಿಣಾಮ'ದಿಂದಲೇ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಬಹುಮಟ್ಟಿಗೆ ಅಲ್ಲ; ಹೆಸರೇ ದಾರಿ ತಪ್ಪಿಸುವಂಥದ್ದು. ಪಾಲಿಹೌಸ್ ಕಾಯುವುದು ಮುಖ್ಯವಾಗಿ ಬಿಸಿಗಾಳಿ ಮೇಲೇರಿ ಹೋಗದಂತೆ ಹಾಳೆ ತಡೆಯುವುದರಿಂದ. ಪಕ್ಕದ ಪರದೆ ಸುತ್ತಿ ಮೇಲೆತ್ತಿದೊಡನೆ ಸೆಕೆ ಇಳಿಯುವುದನ್ನು ನೀವು ಕಂಡೇ ಇರುತ್ತೀರಿ. ವಾತಾವರಣದಲ್ಲಿ ತಡೆಯಾಗುವುದು ಗಾಳಿಯಲ್ಲ, ನೆಲ ಹೊರಸೂಸುವ ಕಣ್ಣಿಗೆ ಕಾಣದ ಶಾಖದ ಕಿರಣಗಳು. ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದವು ಅವನ್ನು ಹೀರಿ ಒಂದು ಭಾಗವನ್ನು ನೆಲಕ್ಕೇ ಮರಳಿಸುತ್ತವೆ. ಇವು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಈಗಿನ 15 ಡಿಗ್ರಿ ಸೆಲ್ಸಿಯಸ್‌ನ ಬದಲು ಸುಮಾರು ಮೈನಸ್ 18 ಇರುತ್ತಿತ್ತು. ಇದರ ಅನುಭವ ಬೇಕಿದ್ದರೆ ಡಿಸೆಂಬರ್‌ನಲ್ಲಿ ಎರಡು ರಾತ್ರಿ ಅಂಗಳದಲ್ಲಿ ನಿಂತು ನೋಡಿ: ಒಣ ಹವೆಯಲ್ಲಿ ನಕ್ಷತ್ರಗಳು ನಿಚ್ಚಳವಾಗಿ ಕಾಣುವ ರಾತ್ರಿ ಹಲ್ಲು ಕಟಕಟಿಸುತ್ತದೆ, ಮೋಡ ಮುಚ್ಚಿದ ರಾತ್ರಿ ಹೊದಿಕೆಯೇ ಬೇಡವೆನಿಸುತ್ತದೆ.