ಗಾಲ್ಫ್ ಸಭ್ಯರ ಆಟ ಅಂತಾರೆ, ಹಾಗಾದ್ರೆ ದೊಡ್ಡ ಆಟಗಾರರು ಕ್ಲಬ್ ಎಸೆಯೋದು ಯಾಕೆ?

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಒಂದು ಕಡೆ ಸಭ್ಯರ ಆಟ ಅಂತ ಹೊಗಳುತ್ತಾರೆ, ಇನ್ನೊಂದು ಕಡೆ ಕೋಟಿಗಟ್ಟಲೆ ಗಳಿಸುವವರು ಟಿವಿ ಕ್ಯಾಮೆರಾ ಮುಂದೆಯೇ ಕ್ಲಬ್ಬನ್ನು, ಅಂದ್ರೆ ಚೆಂಡು ಹೊಡೆಯುವ ಕೋಲನ್ನು, ಎಸೆಯುತ್ತಾರೆ. ಸಭ್ಯತೆ ಅನ್ನೋದು ಬರೀ ತೋರಿಕೆಯಾ ಅಂತ ಕೇಳಿದ್ದೀರಿ. ಅಲ್ಲ. ನಾನು ಬಿಡುವಿದ್ದಾಗ ಆಡುವವನು, ಬಹಳ ವರ್ಷಗಳಿಂದ ಈ ಆಟವನ್ನು ನೋಡಿಕೊಂಡು ಬಂದವನು. ನನಗೆ ಕಂಡಂತೆ ಸಿಟ್ಟು ಬೇರೆ, ಮೋಸ ಬೇರೆ. ಮಹಾ ಸಿಟ್ಟಿನ ಮನುಷ್ಯ ಅಷ್ಟೇ ಪ್ರಾಮಾಣಿಕನೂ ಆಗಿರಬಹುದು.

ಅಮೆರಿಕದ ಹಳೇ ಕಾಲದ ದೊಡ್ಡ ಆಟಗಾರ ಬಾಬಿ ಜೋನ್ಸ್ ಅವರನ್ನೇ ನೋಡಿ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಓಪನ್ (ಬ್ರಿಟಿಷ್ ಓಪನ್) ಟೂರ್ನಿ. ಜೋನ್ಸ್‌ಗೆ ಆಗ 19 ವರ್ಷ. ಗಾಲ್ಫ್‌ನಲ್ಲಿ ಒಂದು ರೌಂಡಿಗೆ 18 ಹೋಲ್ (ಗುಳಿ), ಹೊಡೆತ ಕಡಿಮೆಯಾದವರೇ ಗೆಲ್ಲೋದು. ಮೂರನೇ ರೌಂಡಿನ ಮೊದಲ ಒಂಬತ್ತು ಹೋಲ್‌ಗಳಿಗೇ 46 ಹೊಡೆತ ಆಗಿಹೋಯಿತು. ಹತ್ತನೇ ಹೋಲ್‌ನಲ್ಲಿ 6. ಹನ್ನೊಂದರಲ್ಲಿ ಚೆಂಡು ಬಂಕರ್‌ಗೆ (ಮರಳುಗುಂಡಿಗೆ) ಬಿತ್ತು, ಎಷ್ಟು ಹೊಡೆದರೂ ಹೊರಗೆ ಬರಲಿಲ್ಲ. ಸಾಕು ಅಂತ ಅಲ್ಲಿಗೇ ಕೈಬಿಟ್ಟರು. ಓಪನ್‌ನಂಥ ಟೂರ್ನಿಯಲ್ಲಿ, ಅದೂ ಗಾಲ್ಫ್‌ನ ತವರಲ್ಲಿ ಹೀಗೆ ಮಾಡೋದು ಅಂದ್ರೆ ಸಣ್ಣ ಮಾತಲ್ಲ. ಅದೇ ವರ್ಷ ಅಮೆರಿಕದ ಅಮೆಚೂರ್ (ದುಡ್ಡಿಗಾಗಿ ಆಡದವರ) ಟೂರ್ನಿಯಲ್ಲಿ ಅವರು ಎಸೆದ ಕ್ಲಬ್ ಪ್ರೇಕ್ಷಕರಲ್ಲಿದ್ದ ಒಬ್ಬ ಹೆಂಗಸಿನ ಕಾಲಿಗೆ ತಗುಲಿತು. ಸಿಟ್ಟು ಹಿಡಿತಕ್ಕೆ ಬರದಿದ್ದರೆ ನಮ್ಮ ಟೂರ್ನಿಗಳಲ್ಲಿ ಆಡುವಂತಿಲ್ಲ ಅಂತ ಅಮೆರಿಕದ ಗಾಲ್ಫ್ ಸಂಸ್ಥೆ ಎಚ್ಚರಿಕೆ ಕೊಟ್ಟಿತು.

ಈಗ 1925ಕ್ಕೆ ಬನ್ನಿ. ಅಮೆರಿಕದ ವೂಸ್ಟರ್‌ನಲ್ಲಿ ಯುಎಸ್ ಓಪನ್, ಮೊದಲ ರೌಂಡು. ಜೋನ್ಸ್ ಅವರ ಚೆಂಡು ಉದ್ದ ಹುಲ್ಲಿನಲ್ಲಿತ್ತು. ಹೊಡೆಯಲು ಸಜ್ಜಾಗುವಾಗ ಕ್ಲಬ್ ಹುಲ್ಲಿಗೆ ತಾಗಿ ಚೆಂಡು ಚೂರು ಅಲುಗಿತು. ಜೊತೆಗೆ ಆಡುತ್ತಿದ್ದ ವಾಲ್ಟರ್ ಹೇಗನ್‌ಗೆ ಅದು ಕಾಣಲಿಲ್ಲ, ಅಧಿಕಾರಿಗಳಿಗೂ ಕಾಣಲಿಲ್ಲ. ಬಿಟ್ಟುಬಿಡಿ ಅಂದರೂ ಕೇಳದೆ ಜೋನ್ಸ್ ತಮಗೆ ತಾವೇ ಒಂದು ಹೊಡೆತದ ಪೆನಾಲ್ಟಿ ಹಾಕಿಕೊಂಡರು. ನಾಲ್ಕು ರೌಂಡು ಮುಗಿದಾಗ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮ ಆಯಿತು. ಆ ಒಂದು ಹೊಡೆತ ಸೇರಿಸದಿದ್ದರೆ ಕಪ್ ಅವರದೇ. ಸಮ ಆದವರ ನಡುವಿನ ನಿರ್ಣಾಯಕ ಆಟ, ಅಂದ್ರೆ ಪ್ಲೇಆಫ್, 36 ಹೋಲ್‌ವರೆಗೆ ಎಳೆದು, ಕೊನೆಗೆ ಒಂದೇ ಹೊಡೆತದಿಂದ ಸೋತರು. ಜನ ಹೊಗಳಲು ಹೋದರೆ, ಬ್ಯಾಂಕ್ ದೋಚಲಿಲ್ಲ ಅಂತ ಯಾರನ್ನಾದರೂ ಹೊಗಳುತ್ತೀರಾ ಅನ್ನೋ ಅರ್ಥದ ಉತ್ತರ ಕೊಟ್ಟರಂತೆ. ನನಗೆ ಗಾಲ್ಫ್ ಅಂದ್ರೆ ಈ ಮನುಷ್ಯ.

ಜೋನ್ಸ್ ಟೂರ್ನಿ ಆಡಿದಷ್ಟು ಕಾಲವೂ ಅಮೆಚೂರ್, ದುಡ್ಡಿಗಾಗಿ ಆಡಿದವರಲ್ಲ ಅಂತ ನೀವು ಹೇಳಬಹುದು. ಸರಿ, ದುಡ್ಡಿನ ಲೆಕ್ಕವನ್ನೇ ನೋಡೋಣ. 2010ರಲ್ಲಿ ಅಮೆರಿಕದ ಹಿಲ್ಟನ್ ಹೆಡ್‌ನಲ್ಲಿ ಇಂಗ್ಲೆಂಡಿನ ಬ್ರಯನ್ ಡೇವಿಸ್ ಮತ್ತು ಜಿಮ್ ಫ್ಯೂರಿಕ್ ನಡುವೆ ಪ್ಲೇಆಫ್. ಡೇವಿಸ್ ಆವರೆಗೆ ಅಮೆರಿಕದ ವೃತ್ತಿಪರ ಟೂರ್ನಿಗಳ ಸರಣಿಯಾದ ಪಿಜಿಎ ಟೂರ್‌ನಲ್ಲಿ ಒಂದೂ ಟೂರ್ನಿ ಗೆದ್ದಿರಲಿಲ್ಲ. ಚೆಂಡು ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ದಾಟಿ ನೀರಂಚಿನ ಜೊಂಡಿನಲ್ಲಿ ಬಿದ್ದಿತ್ತು. ಹೊಡೆಯಲು ಕ್ಲಬ್ ಹಿಂದಕ್ಕೆ ಎತ್ತುವಾಗ, ಬಿಡಿಯಾಗಿ ಬಿದ್ದಿದ್ದ ಒಂದು ಜೊಂಡಿನ ಕಡ್ಡಿಗೆ ಅದು ಸವರಿತು. ಆಗಿನ ನಿಯಮದ ಪ್ರಕಾರ ಅಂಥ ಜಾಗದಲ್ಲಿ ಅದು ಎರಡು ಹೊಡೆತದ ಪೆನಾಲ್ಟಿ ಬೀಳುವ ತಪ್ಪು. ಯಾರೂ ದೂರಲಿಲ್ಲ. ಡೇವಿಸ್ ಅವರೇ ನಿಯಮಾಧಿಕಾರಿಯನ್ನು ಕರೆದು ಹೇಳಿದರು. ಟಿವಿಯವರು ನಿಧಾನಗತಿಯಲ್ಲಿ ತೋರಿಸಿದಾಗಷ್ಟೇ ಕಡ್ಡಿ ಅಲ್ಲಾಡಿದ್ದು ಕಂಡಿತು. ಪ್ಲೇಆಫ್ ಅಲ್ಲಿಗೆ ಮುಗಿಯಿತು. ಮೊದಲ ಮತ್ತು ಎರಡನೇ ಬಹುಮಾನದ ಮಧ್ಯೆ 4 ಲಕ್ಷ ಡಾಲರ್‌ಗೂ ಜಾಸ್ತಿ ಅಂತರ ಇತ್ತು. ಪಿಜಿಎ ಟೂರ್ ಗೆಲುವು ಡೇವಿಸ್‌ಗೆ ಆಮೇಲೂ ಸಿಗಲಿಲ್ಲ.

ಇನ್ನು ಸಿಟ್ಟಿನ ವಿಷಯ. ಗಾಲ್ಫ್‌ನಲ್ಲಿ ಅದು ಯಾಕಿಷ್ಟು ಜಾಸ್ತಿ ಅಂದ್ರೆ, ಬೈಯಲು ಬೇರೆ ಯಾರೂ ಇಲ್ಲ. ಚೆಂಡು ನಿಂತಲ್ಲೇ ನಿಂತಿರುತ್ತೆ. ಎದುರಾಳಿ ಅದನ್ನು ಮುಟ್ಟುವಂತಿಲ್ಲ. ಕೆಟ್ಟರೆ ನನ್ನಿಂದಲೇ ಕೆಟ್ಟಿತು. ಜೊತೆಗೆ, ಒಂದು ರೌಂಡಿಗೆ ನಾಲ್ಕೈದು ಗಂಟೆ ಹಿಡಿದರೆ ಅದರಲ್ಲಿ ಚೆಂಡು ಹೊಡೆಯುವ ಸಮಯ ಕೆಲವೇ ನಿಮಿಷ. ಉಳಿದದ್ದೆಲ್ಲ ನಡಿಗೆ, ಕಾಯುವಿಕೆ, ಯೋಚನೆ. ಹಿಂದಿನ ತಪ್ಪು ತಲೆಯಲ್ಲಿ ಕುದಿಯಲು ಬೇಕಾದಷ್ಟು ಹೊತ್ತು ಸಿಗುತ್ತೆ. ಕ್ರಿಕೆಟ್‌ನಲ್ಲಿ ವೇಗದ ಬೌಲರ್ ತನ್ನ ಸಿಟ್ಟನ್ನು ಮುಂದಿನ ಬಾಲ್‌ಗೆ ತುಂಬಬಹುದು. ಇಲ್ಲಿ ಸಿಟ್ಟು ಕೈಗೆ ಇಳಿದರೆ ಹಿಡಿತ ಬಿಗಿಯಾಗುತ್ತೆ, ಸ್ವಿಂಗ್ ಅವಸರವಾಗುತ್ತೆ, ಮುಂದಿನ ಚೆಂಡೂ ಹಾಳು.

ಹಾಗಂತ ಎಲ್ಲರೂ ಹೊರಗೆ ತೋರಿಸುವುದಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ್ದು ನೆನಪಿದೆ ಅಲ್ವಾ? ಅಮ್ಮನೇ ಕ್ಯಾಡಿ, ಅಂದ್ರೆ ಕ್ಲಬ್‌ಗಳ ಚೀಲ ಹೊತ್ತು ಜೊತೆಗೆ ನಡೆಯುವವರು. ನಾಲ್ಕು ದಿನ ಆಡಿ, ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಮುಖದಲ್ಲಿ ಮಾತ್ರ ಅದೇ ಶಾಂತಿ. ನಾನಾಗಿದ್ದರೆ ಅಳುತ್ತಿದ್ದೆ.

ನನ್ನ ಪ್ರಕಾರ ಗೆರೆ ಎಳೆಯಬೇಕಾದದ್ದು ಸಿಟ್ಟಿನ ಪೆಟ್ಟು ಯಾರ ಮೇಲೆ ಬೀಳುತ್ತೆ ಅನ್ನೋದರ ಮೇಲೆ. 2015ರಲ್ಲಿ ಅಮೆರಿಕದ ಡೊರಾಲ್‌ನಲ್ಲಿ ರೋರಿ ಮ್ಯಾಕಿಲ್‌ರಾಯ್ ತಮ್ಮ 3-ಐರನ್ ಕ್ಲಬ್ಬನ್ನು ಕೆರೆಗೆ ಎಸೆದರು. ಚೆನ್ನಾಗಿ ಕಾಣಲಿಲ್ಲ ನಿಜ, ಆದರೆ ನೀರಿಗೆ ಬಿದ್ದದ್ದು ಅವರದೇ ಕ್ಲಬ್. 2019ರಲ್ಲಿ ಸೌದಿ ಟೂರ್ನಿಯಲ್ಲಿ ಸರ್ಜಿಯೊ ಗಾರ್ಸಿಯಾ ಮಾಡಿದ್ದು ಬೇರೆ ಥರದ್ದು. ಸಿಟ್ಟಿನಲ್ಲಿ ಗ್ರೀನ್‌ಗಳನ್ನೇ ಕೆಡಿಸಿದರು. ಹಿಂದೆ ಬರುವವರು ಅದೇ ಗ್ರೀನ್ ಮೇಲೆ ಪಟ್ ಮಾಡಬೇಕು, ಅಂದ್ರೆ ಚೆಂಡನ್ನು ಗುಳಿಗೆ ಉರುಳಿಸಬೇಕು. ಅವರನ್ನು ಟೂರ್ನಿಯಿಂದ ಹೊರಹಾಕಿದ್ದು ಸರಿಯಾಗಿಯೇ ಇತ್ತು, ಅವರೂ ಕ್ಷಮೆ ಕೇಳಿದರು.

2025ರ ಯುಎಸ್ ಓಪನ್‌ನಲ್ಲಿ ವಿಂಡಮ್ ಕ್ಲಾರ್ಕ್, ಟೂರ್ನಿ ನಡೆದ ಓಕ್‌ಮಾಂಟ್ ಎಂಬ ಗಾಲ್ಫ್ ಸಂಘದ ಹಳೇ ಲಾಕರ್‌ಗಳನ್ನು ಒಡೆದದ್ದೂ ಇದೇ ಸಾಲಿಗೆ ಸೇರುತ್ತೆ. ಎರಡು ವರ್ಷ ಮೊದಲು ಅದೇ ಟೂರ್ನಿ ಗೆದ್ದಿದ್ದವರು ಅವರು. ಓಕ್‌ಮಾಂಟ್‌ನವರು ಅವರನ್ನು ಸಂಘದೊಳಗೆ ಬರದಂತೆ ನಿಷೇಧಿಸಿದರು. ಆದರೆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ನಷ್ಟ ತುಂಬಿಕೊಡಿ, ನಾವು ಹೇಳಿದ ಒಳ್ಳೇ ಕೆಲಸಕ್ಕೆ ಹಣ ಕೊಡಿ, ಸಿಟ್ಟಿಗೆ ಕೌನ್ಸೆಲಿಂಗ್ ತಗೊಳ್ಳಿ, ಆಮೇಲೆ ನೋಡೋಣ ಅಂದರು. ಸುಮ್ನೆ ಒಂದಿಷ್ಟು ದಂಡ ಕಟ್ಟಿಸಿಕೊಂಡು ಕೈತೊಳೆದುಕೊಳ್ಳೋದಕ್ಕಿಂತ ಇದು ಎಷ್ಟೋ ವಾಸಿ. ವೃತ್ತಿಪರ ಟೂರ್‌ಗಳೂ ಇದೇ ದಾರಿ ಹಿಡಿಯಲಿ ಅನ್ನೋದು ನನ್ನ ಆಸೆ.