ಜಿಡ್ಡು ಉಳಿದರೆ ಬ್ಲೀಚ್ ಸುರಿದು ಪ್ರಯೋಜನವಿಲ್ಲ

ಪ್ರಶ್ನೆ: ನಮ್ಮದು ಮಾಂಸದ ಅಂಗಡಿ. ದಿನಾ ರಾತ್ರಿ ಮಾಂಸ ಕತ್ತರಿಸುವ ಕೊರಡಿನ ಮೇಲೆ ಬ್ಲೀಚ್ ನೀರು ಸುರಿಯುತ್ತೇವೆ. ಆದರೂ ಪರೀಕ್ಷೆಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕಿದೆ. ಬ್ಲೀಚ್ ಜಾಸ್ತಿ ಹಾಕಬೇಕಾ?

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಬ್ಲೀಚ್‌ನಲ್ಲಿರುವ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಯಾವುದು, ರಕ್ತ ಯಾವುದು ಅಂತ ಗೊತ್ತಾಗುವುದಿಲ್ಲ. ಕೊರಡಿನ ಮೇಲೆ ರಕ್ತ, ಕೊಬ್ಬು, ಮಾಂಸದ ಚೂರು ಇದ್ದರೆ ಕ್ಲೋರಿನ್ ಎಲ್ಲ ಅಲ್ಲೇ ಖರ್ಚಾಗಿ ಹೋಗುತ್ತದೆ. ಅಡಿಯಲ್ಲಿರುವ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತವೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನೀವು ತೊಳೆದಿಟ್ಟ ಕೊರಡಿನ ಮೇಲೆ ಕತ್ತಿಯ ಅಲಗನ್ನು ಓರೆಯಾಗಿ ಹಿಡಿದು, ಒತ್ತಿ ಎಳೆಯಿರಿ. ಅಂಚಿಗೆ ಬೂದು ಬಣ್ಣದ ಮೆತ್ತನೆ ಜಿಡ್ಡು ಬರುತ್ತದೆ. ಮೂಗಿನ ಹತ್ತಿರ ತಂದರೆ ಹುಳಿ ವಾಸನೆ. ಕೊಬ್ಬು, ಮರದ ಪುಡಿ, ಬ್ಯಾಕ್ಟೀರಿಯಾ ಎಲ್ಲ ಸೇರಿ ಕಟ್ಟಿದ ಪದರ ಅದು.

ಹಾಗಾಗಿ ಮೊದಲು ಕೆರೆಯಿರಿ. ಆಮೇಲೆ ಸೋಪು, ಬಿಸಿನೀರು, ಗಟ್ಟಿ ಬ್ರಷ್. ಸೋಪು ಪೂರ್ತಿ ಹೋದ ಮೇಲೇ ಬ್ಲೀಚ್. ಶೇಕಡಾ 5ರ ಬ್ಲೀಚ್ ಆದರೆ ಒಂದು ಲೀಟರ್ ನೀರಿಗೆ 4 ಮಿಲಿ ಸಾಕು, ಅಂದರೆ 200 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 200 ಭಾಗ ಕ್ಲೋರಿನ್). ಸುರಿದ ತಕ್ಷಣ ಒರೆಸಬೇಡಿ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಇರಲಿ, ಆಮೇಲೆ ತಾನಾಗಿ ಒಣಗಲಿ. ದಿನವಿಡೀ ಕೈ, ಕತ್ತಿ, ತಕ್ಕಡಿ ಒರೆಸಿದ ಬಟ್ಟೆಯನ್ನಂತೂ ಹತ್ತಿರ ತರಲೇಬೇಡಿ, ಪಟ್ಟ ಶ್ರಮವೆಲ್ಲ ನೀರುಪಾಲು. ಬೆರೆಸಿದ ನೀರನ್ನು ಮರುದಿನಕ್ಕೆ ಇಡಬೇಡಿ, ಅದರ ಬಲ ಕುಗ್ಗಿರುತ್ತದೆ. ಕೊರಡು ಬಿರುಕು ಬಿಟ್ಟಿದ್ದರೆ ಕೀಸಿ ಮಟ್ಟ ಮಾಡಿಸಿ. ಬಿರುಕು ಆಳವಾಗಿದ್ದರೆ ಬದಲಿಸಿ. ದುಡ್ಡಿನ ಮಾತು ಅಂತ ಗೊತ್ತು, ಆದರೂ ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಪ್ರಶ್ನೆ: ಬ್ಲೀಚ್‌ಗೆ ವಿನೆಗರ್ ಬೆರೆಸಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವಾ?

ಬೆರೆಸಲೇಬೇಡಿ! ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಅಂಗಡಿಯಲ್ಲಿ ಜೀವಕ್ಕೇ ಅಪಾಯ. ಇಂಥದ್ದನ್ನು ಜನರಿಗೆ ಹೇಳಿಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪ್ರಶ್ನೆ: ಫ್ರಿಜ್‌ನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ ಅಲ್ವಾ?

ಇಲ್ಲ. ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ.

ಪ್ರಶ್ನೆ: ಮನೆಗೆ ತಂದ ಕೋಳಿ ಮಾಂಸವನ್ನು ಎಷ್ಟು ಸಲ ತೊಳೆಯಬೇಕು?

ಒಂದು ಸಲವೂ ಬೇಡ. ಸಿಂಕಿನ ಸುತ್ತ ಹನಿ ಸಿಡಿದು ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಹರಡುತ್ತವೆ. ಮಾಂಸದ ಒಳಭಾಗ 74 ಡಿಗ್ರಿ ಮುಟ್ಟುವ ಹಾಗೆ ಬೇಯಿಸಿ.